ಭರಮಣ್ಣನ ಪಾಳಿ

…ಅಲ್ಲವ್ವ ಸ್ಫೂರ್ತಿ, ಕಾರ್ಡು ಕೊಟ್ಟು ಬಾ ಅಂತ ಕಳಿಸಿದ್ರ ಕಾರ್ಡು ಹಂಗೇ ವಾಪಸ್ ತಂದೀಯಲ್ಲ? ಚಿತ್ತವಾಡ್ಗಿ ಏನು ಪರದೇಶೇನು? ಆಟೋದಾಗ ಹತ್ತು ನಿಮಿಷದ ದಾರಿ. ಮನಿ ಸಿಗಲಿಲ್ಲೇನು? ಸಿಕ್ತು... ಹೂಂ, ತಲಿ ಆಡಿಸ್ತೀ. ನಮ್ಮ ಗೇಟಿನ ಭರಮಣ್ಣ ಇದ್ದಿದ್ದಿಲ್ಲೇನು? ಇದ್ದ? ಮತ್ತ ಕೈಯಾಗ ಒಂದು ಕಾರ್ಡು ಇಟ್ಟು ಬರಾಕ ಏನಾಗಿತ್ತು?

ಇರ್ಲಿ ಬಿಡು. ಕುಂದ್ರು. ಬಿಸಿಲಾಗ ಬಂದೀ, ಮೊದ್ಲ ನೀರು ಕುಡಿ. ಚಾ ಮಾಡು ಅಂತ ಹೇಳ್ಲೇನು... ಯಾರಿಗೆ ಹೇಳ್ಲಿ. ಒಂಬತ್ತು ದಿನ ಆತು, ನನ್ನ ಬಾಯಿ ಇನ್ನಾ ಅಡಿಗಿಮನಿ ಕಡೆ ತಿರುಗಿ "ಗಂಗೂ" ಅಂತೈತಿ. ಇವತ್ತು ಮುಂಜಾನೆ ಎರಡು ಸಲ ಕರದೆ. ಆಮ್ಯಾಲ ನಾನೇ ಎದ್ದು ಹೋಗಿ ಗ್ಯಾಸ್ ಹಚ್ಚಿದೆ. ಸಕ್ರಿ ಡಬ್ಬಿ ಯಾವುದು ಅಂತ ಗೊತ್ತಾಗ್ಲಿಲ್ಲ ನೋಡು. ಮೂವತ್ತೆಂಟು ವರ್ಷ ಸಂಸಾರ ಮಾಡೀನಿ, ಸಕ್ರಿ ಡಬ್ಬಿ ಗೊತ್ತಿಲ್ಲ. ಹಂಗೇ ಕುಡದೆ.

ನಾಡಿದ್ದು ಶಿವಗಣಾರಾಧನಿ. ಮಿಲ್ಲಿನಾರು ಎಲ್ಲಾ ಬರ್ತಾರ, ಕಂಪ್ಲಿಯಿಂದ, ಸಂಡೂರಿಂದ ಬೀಗರು ಬರ್ತಾರ. ನಿಮ್ಮವ್ವನ ಕಾರ್ಯ ಯಾರೂ ಬೆರಳು ಮಾಡಂಗ ಆಗಬಾರ್ದು. ಕಾರ್ಡು ನೋಡಿದಿಲ್ಲೋ? ಅದರಾಗಿನ ಮಾತು ನಾನೇ ಬರದೀನಿ. ಇಲ್ಲಿ ಕೊಡು, ಓದ್ತೀನಿ. ಕನ್ನಡಕ ಎಲ್ಲಿ... ಹಾಂ. "ಕೊನೆಯ ಉಸಿರಿನವರೆಗೂ ಯಾರ ಮುಂದೆಯೂ ಕೈ ಚಾಚದೆ ಬಾಳಿದ ಸ್ವಾಭಿಮಾನಿ, ಶರಣೆ ಗಂಗಾಂಬಿಕಾ." ಹೆಂಗೈತಿ? ಪ್ರೆಸ್ಸಿನ ಹುಲುಗೇಶ್ ಎರಡು ಸಲ ಓದಿದ. ಸಾವ್ಕಾರ್ರ, ಇಂಥಾ ಮಾತು ಯಾರೂ ಬರಸಂಗಿಲ್ರೀ ಅಂದ.

ಯಾಕ ಹಂಗ ನೋಡಾಕತ್ತೀ?

ಏನವ್ವ, ತಪ್ಪೇನು ಬರದೀನಿ? ನಿನಗ ಅವತ್ತೇ ಹೇಳೀನಲ್ಲ. ಶುಕ್ರವಾರ ಬಳ್ಳಾರಿ ಪ್ರೈವೇಟ್ ದವಾಖಾನಿಯಾಗ ನೀರಿನ ಪ್ಲಾಂಟು ಕೆಟ್ತು, ಡಯಾಲಿಸಿಸ್ ಇಲ್ಲ, ಸೋಮವಾರ ಬರ್ರಿ ಅಂತ ಫೋನು ಬಂತು. ನಾನು ಅಂದೆ, ಗಂಗೂ, ಇದೊಂದು ಸಲ ಇಲ್ಲೇ ನಮ್ಮೂರ ಸರ್ಕಾರಿ ದವಾಖಾನಿಗೆ ಹೋಗೋಣು ಅಂತ. ಆಕಿ ಒಲ್ಲೆ ಅಂದ್ಲು. ನಮಗ ದೇವ್ರು ಕೊಟ್ಟಾನ್ರಿ, ಇಲ್ಲದಾರ ಮಂಚದ ಮ್ಯಾಲ ನಾನು ಯಾಕ ಹೋಗಿ ಮಲಗ್ಲಿ ಅಂದ್ಲು. ಎಲ್ಲಾರಿಗೂ ಇದನ್ನೇ ಹೇಳೀನಿ. ಮಣ್ಣಿಗೆ ಬಂದಿದ್ದ ಮಂದಿ ಎಲ್ಲಾ ಕೈ ಮುಗದು ಹೋದ್ರು. ಕಂಪ್ಲಿ ಬೀಗ ಸಿದ್ದಲಿಂಗೇಶಪ್ಪ ಅಂತೂ ಕಣ್ಣೀರು ಹಾಕಿದ. ಹೆಂಗಸು ಅಂದ್ರ ಇಂಥಾಕಿ ಅಂದ.

ನೀರು ಕುಡೀಲಿಲ್ಲ ನೀನು.

ನಿನ್ನ ಗಂಡ ವೀರೇಶ್ ನನಗ ಹಳೇ ಕಾಲದಾವ್ರು ಅಂತಾನ. ಅನ್ಲಿ. ದೋಣಿಮಲೈದಾಗ ನಿಮಗ ಕ್ವಾರ್ಟರ್ಸು ಕಂಪನಿದು, ಬಸ್ಸು ಕಂಪನಿದು, ದವಾಖಾನಿ ಕಂಪನಿದು, ಆ ಕಂಪನಿ ಸರ್ಕಾರದ್ದು. ಬಿಲ್ಲು ಅಂದ್ರ ಏನಂತ ನಿಮಗ ಗೊತ್ತೇ ಆಗಿಲ್ಲ. ನಾನು ಹಂಗಲ್ಲ. ಮಿಲ್ಲಿನಾಗ ಮುಂಜಾನೆ ಬೆಲ್ಟು ತಿರುಗಿದ್ರ ಕರೆಂಟಿನ ಮೀಟ್ರೂ ತಿರುಗತೈತಿ. ಲೈಸನ್ಸು, ತೂಕದ ಸೀಲು, ಚೀಲದ ಮ್ಯಾಲ ತೆರಿಗಿ, ಒಂದಲ್ಲ ಎರಡಲ್ಲ. ಭತ್ತದ ರೇಟು ಬೆಳದಾಂವ, ತಿನ್ನಾಂವ ಸೇರಿ ನಿಲ್ಲಿಸ್ಬೇಕು. ಬೆಂಗಳೂರಾಗ ಫ್ಯಾನಿನ ಕೆಳಗ ಕುಂತು ಸಹಿ ಹಾಕಾಂವಗ ಭತ್ತದ ಗಿಡ ಯಾವುದು, ಹುಲ್ಲು ಯಾವುದು ಅಂತಾದ್ರೂ ಗೊತ್ತೇನು? ಇದನ್ನ ಹೇಳಿದ್ರ ನಾನು ಬಡವರ ವೈರಿ.

ಪುಕ್ಕಟೆ ಅಕ್ಕಿ ಏನಾತು? ನಾನು ಕಣ್ಣಾರೆ ಕಂಡೀನಿ. ಸರ್ಕಾರ ಮುಂದಿನ ಬಾಗಿಲಿಂದ ಕೊಡತೈತಿ, ಅದು ಟಂಟಂ ಗಾಡ್ಯಾಗ ಮಿಲ್ಲಿನ ಹಿಂದಿನ ಬಾಗಿಲಿಗೆ ಬರತೈತಿ. ಪಾಲಿಶ್ ಹೊಡಿ, ಹೊಸಾ ಚೀಲಕ್ಕ ಹಾಕು, ಅಂಗಡಿಗೆ ಕಳಿಸು. ನನ್ನ ಬಾಗಿಲಿಗೂ ಬಂದಿತ್ತು. ಹತ್ತು ವರ್ಷ ಆತು, ಒಂದು ಕಾಳು ಒಳಗ ಬಿಟ್ಟಿಲ್ಲ. ಬಾಜೂ ಮಿಲ್ಲಿನಾವ ಮೂರು ಮಹಡಿ ಎಬ್ಬಿಸಿದ. ನಾನು ಹಳೇ ಮನಿಯಾಗೇ ಅದೀನಿ. ನಿಮ್ಮವ್ವ ಒಂದಿನಾನೂ ಯಾಕ ಅಂತ ಕೇಳಲಿಲ್ಲ.

ತೆರಿಗಿ ಕಟ್ಟಾಕ ನಾನು ಹಿಂದ ಮುಂದ ನೋಡಿದಾವ ಅಲ್ಲ. ಕಟ್ಟೀನಿ. ನನ್ನ ಮಾತು ಇಷ್ಟೇ. ಆ ರೊಕ್ಕದಾಗ ಇಲ್ಲದಾಂವಗ ಮಂಚ ಹಾಕ್ರಿ, ಇದ್ದಾಂವ ಹೋಗಿ ಅದರ ಮ್ಯಾಲ ಮಲಗಬಾರ್ದು. ನೆಟ್ಟಗ ನಡಿಯಾಂವ ಹೋಗಿ ಕುಂಟನ ಕೋಲು ಕಸಗೊಂಡ್ರ ಹೆಂಗ? ಹೋದ ವರ್ಷ ಮಿಲ್ಲರ್ಸ್ ಅಸೋಸಿಯೇಷನ್ನಿನಾಗ ಇದನ್ನೇ ಮಾತಾಡಿದೆ. ಚಪ್ಪಾಳಿ ಹೊಡದ್ರು. ಪೇಪರಿನಾಗ ಫೋಟೋ ಬಂತು, ನಿಮ್ಮವ್ವ ಅದನ್ನ ಕತ್ತರಿಸಿ ಇಟ್ಟಿದ್ಲು. ಇದರಾಗ ಏನು ತಪ್ಪೈತಿ, ಹೇಳು.

ಮೊದ್ಲಾಗಿದ್ರ ಇಷ್ಟೊತ್ತಿಗೆ ಜಗಳಕ್ಕ ನಿಲ್ಲತಿದ್ದಿ. ಅಪ್ಪಾ, ನೀನು ಮಿಲ್ಲಿನ ಕಿಡಕ್ಯಾಗಿಂದ ದೇಶ ನೋಡ್ತೀ ಅಂತಿದ್ದಿ. ನಾವಿಬ್ರೂ ಕಚ್ಚಾಡಿದ್ರ ಆಕಿ ರೊಟ್ಟಿ ಬಡಕೋಂತ ಒಳಗ ನಗತಿದ್ಲು. ಜಗಳಾನಾದ್ರೂ ಆಡವ್ವ. ಮನಿ ಬಣಬಣ ಅಂತೈತಿ.

ಎಷ್ಟೊತ್ತು ಇದ್ದೀ ಅಲ್ಲಿ? ಹನ್ನೊಂದಕ್ಕ ಹೋದಾಕಿ, ಈಗ ಒಂದೂವರೆ. ಕಾರ್ಡು ಕೊಡಾಕ ಎರಡೂವರೆ ತಾಸು ಬೇಕೇನು?

ವಿರುಪಮ್ಮ ಮನಿಯಾಗ ಇದ್ಲಾ?

ಇದ್ಲು, ಹೂಂ.

ಏನಂದ್ಲು?

ಏನಾರ ಅಂದಿರಬೇಕು. ಭರಮಣ್ಣನ ಹೆಂಡ್ತಿ ಸುಮ್ನ ಕುಂದ್ರಾಕಿ ಅಲ್ಲ. ನೋಡು, ಭರಮಣ್ಣನ್ನ ನಾನು ಹೆಂಗ ನೋಡ್ಕೊಂಡೀನಿ ಅಂತ ಆಕೀನ್ನೇ ಕೇಳು. ಹದಿನೆಂಟು ವರ್ಷ ನನ್ನ ಮಿಲ್ಲಿನಾಗ ಚೀಲ ಹೊತ್ತಾಂವ. ಕಿಡ್ನಿ ಹೋತು, ಹೊರಾಕ ಆಗಂಗಿಲ್ಲ ಅಂದಾಗ ಗೇಟಿಗೆ ಕುರ್ಚಿ ಹಾಕಿ ಕುಂದ್ರಿಸ್ದೆ. ಪಗಾರ ಮೊದಲಿನಷ್ಟೇ ಕೊಡ್ತೀನಿ. ಯಾವ ಕಾನೂನೂ ಹೇಳಿದ್ದಿಲ್ಲ, ಯಾವ ಆಫೀಸರೂ ಬಂದಿದ್ದಿಲ್ಲ. ನನ್ನ ಮಂದಿ ಅಂತ ಮಾಡಿದೆ. ಸರ್ಕಾರ ಇಲ್ಲದನೂ ಮನಷಾ ಮನಷಾಗ ಆಗತಾನ, ಅದನ್ನೇ ನಾನು ಹೇಳಾದು.

ಅಂವಗೂ ನಿಮ್ಮವ್ವಗೂ ಒಂದೇ ರೋಗ ಬಂದಿದ್ದು ನೋಡು. ಅಂವ ವಾರಕ್ಕ ಎರಡು ಸಲ ಇಲ್ಲೇ ಸರ್ಕಾರಿ ದವಾಖಾನಿಗೆ ಹೋಗ್ತಾನ, ಆಕಿ ವಾರಕ್ಕ ಎರಡು ಸಲ ಬಳ್ಳಾರಿಗೆ. ಈ ರೋಗದಾಗ ನೀರು ಅಳದು ಕುಡೀಬೇಕು. ಆಕಿ ಗೇಟಿನಾಗ ಕಾರು ನಿಲ್ಲಸಾಕ ಹಚ್ಚಿ, "ಭರಮಣ್ಣ, ಇವತ್ತು ಎಷ್ಟು ಲೋಟ ನೀರು ಕುಡದೀ?" ಅಂತ ಕೇಳತಿದ್ಲು. ಅಂವ "ಎರಡ್ರೀ ಅವ್ವಾರ" ಅಂತಿದ್ದ. "ನಾನು ಮೂರು ಕುಡದೆ, ಯಾರಿಗೂ ಹೇಳಬ್ಯಾಡ" ಅಂತಿದ್ಲು. ಇಬ್ರೂ ನಗತಿದ್ರು. ಹೊತ್ತಾತು ಅಂತ ನಾನು ಹಾರ್ನ್ ಹೊಡೀತಿದ್ದೆ.

ಅಳಬ್ಯಾಡವ್ವ. ಅಳಬ್ಯಾಡ. ನೀನು ಅತ್ರ ನಾನು...

ಸರಿ. ಬಂದಿದ್ದ. ಭರಮಣ್ಣ ಬಂದಿದ್ದ. ಶನಿವಾರ ಮುಂಜಾನೆ. ಇದನ್ನ ನಾನು ನಿನಗ ಹೇಳಿದ್ದಿಲ್ಲ. ಯಾರಿಗೂ ಹೇಳಿಲ್ಲ. ನಿಮ್ಮವ್ವಗ ಕಾಲು ಬಾತು ಚಪ್ಪಲಿ ಹಿಡೀತಿದ್ದಿಲ್ಲ, ಮಲಗಿದ್ರ ಉಸಿರು ಸಿಗತಿದ್ದಿಲ್ಲ, ದಿಂಬಿಗೆ ಒರಗಿ ಕುಂತಿದ್ಲು. ಅಂವ ಆಟೋ ಮಾಡ್ಕೊಂಡು ಬಂದ. ಆಟೋದಾಗ ವಿರುಪಮ್ಮ ಕುಂತಿದ್ಲು. "ಸಾವ್ಕಾರ್ರ, ಇವತ್ತು ಹನ್ನೊಂದು ಗಂಟೀದು ನನ್ನ ಪಾಳಿ. ಸಿಸ್ಟರ್ ಕೂಡ ಮಾತಾಡೀನಿ, ಡಾಕ್ಟ್ರೂ ಹೂಂ ಅಂದಾರ. ಅವ್ವಾರ್ನ ಕಳಿಸ್ರಿ. ನಾನು ಸೋಮವಾರ ತಂಕ ತಡಕೊಂತೀನಿ. ನಿನ್ನಿಂದ ಒಂದೇ ಲೋಟ ನೀರು ಕುಡದೀನಿ" ಅಂದ. ಬಳ್ಳಾರಿ ಫೋನಿನ ಸುದ್ದಿ ಕಿವಿಗೆ ಬಿದ್ದ ಕೂಡ್ಲೆ ನೀರು ಬಿಟ್ಟಿದ್ದ ಅಂವ. ಯಾರೂ ಹೇಳದನೇ.

ನಾನು ಬ್ಯಾಡ ಅಂದೆ.

ಯಾಕ ಅಂತ ಕೇಳು. ಅಂವಗ ಏನಾರ ಆಗಿದ್ರ? ಅಂವನೂ ರೋಗಿ. ನನ್ನ ಹೆಂಡ್ತಿ ಸಲುವಾಗಿ ಒಬ್ಬ ಬಡವ ಸತ್ತ ಅಂದ್ರ ಯಾವ ಮುಖ ತೋರಿಸ್ಲಿ? ಅದಕ್ಕೇ ಬ್ಯಾಡ ಅಂದೆ. ಖರೇನವ್ವ. ಇದು ಖರೇ...

ಹಂಗ ನೋಡಬ್ಯಾಡ.

ಇಲ್ಲ. ಆ ನೆವ ನಾನು ಆಮ್ಯಾಲ ಹುಡಿಕ್ಕೊಂಡೆ. ಮಣ್ಣು ಮಾಡಿ ಬಂದ ದಿನ, ಈ ಕುರ್ಚಿ ಮ್ಯಾಲ ಕುಂತು ಹುಡಿಕ್ಕೊಂಡೆ. ಆ ಶನಿವಾರ ನನಗ ಭರಮಣ್ಣನ ಜೀವದ ಚಿಂತಿ ಇದ್ದಿದ್ದಿಲ್ಲ. ಅವತ್ತು ನಾನು ಸರ್ಕಾರಿ ದವಾಖಾನಿಗೆ ಫೋನು ಮಾಡಿದೆ. ಪುಕ್ಕಟೆ ನಮಗ ಬ್ಯಾಡ, ಎಷ್ಟಾಗತೈತಿ ಬಿಲ್ ಹಾಕ್ರಿ, ಕಟ್ಟತೀನಿ, ರಸೀದಿ ಕೊಡ್ರಿ ಅಂದೆ. ಆ ಸಿಸ್ಟರು, "ಸರ್, ಇಲ್ಲಿ ಬಿಲ್ಲೇ ಇಲ್ಲ. ನೀವು ಮೊದ್ಲ ಅಮ್ಮಾರ್ನ ಕರ್ಕೊಂಡು ಬರ್ರಿ" ಅಂದ್ಲು. ಭಾಳ ಮೆತ್ತಗ ಹೇಳಿದ್ಲು. ನಾನು, ರಸೀದಿ ಇಲ್ಲದ ಯಾವುದೂ ನಮ್ಮನಿಯಾಗ ನಡಿಯಂಗಿಲ್ಲಮ್ಮ ಅಂತ ಫೋನು ಇಟ್ಟೆ. ಒಳಗ ಹೆಂಡ್ತಿಗೆ ಉಸಿರು ಹತ್ತಾಕತ್ತೈತಿ, ಗಂಡ ರಸೀದಿ ಕೇಳಾಕತ್ತಾನ.

ಇನ್ನೊಂದೈತಿ. ಹೇಳಿಬಿಡ್ತೀನಿ. ಆ ವಾರ್ಡಿನ ಹೊರಗ ಬೆಂಚ್ ಐತಿ. ಅಲ್ಲಿ ಕುಂದ್ರಾರೆಲ್ಲಾ ನನಗ ಗುರ್ತಿನ ಮಂದಿ, ಹಮಾಲರು, ಅವ್ರ ಮನಿಯಾರು. ಪುಕ್ಕಟೆ ಬ್ಯಾಡ ಅಂತ ಭಾಷಣ ಮಾಡಿದ ನಾಗಭೂಷಣಪ್ಪ ಬಂದಾನ ನೋಡ್ರಿ, ಹಮಾಲನ ಪಾಳಿ ಇಸ್ಕೊಂಡು ಬಂದಾನ ಅಂತಾರ ಅಂತ... ನಾಚಿಕಿ ಬಂತವ್ವ. ಇಷ್ಟೇ. ನಾಚಿಕಿ. ಅದಕ್ಕ ನಾನು ತತ್ವ ಅಂತ ಹೆಸರಿಟ್ಟೆ.

ಈಗೂ ನನ್ನ ವಿಚಾರ ತಪ್ಪು ಅಂತ ನನಗ ಅನ್ನಿಸಿಲ್ಲ. ಎಲ್ಲಾ ಪುಕ್ಕಟೆ ಕೊಟ್ರ ದುಡಿಯಾಂವಗ ಬೆಲಿ ಉಳಿಯಂಗಿಲ್ಲ, ಇದನ್ನ ನಾಳೆ ಯಾರು ಕೇಳಿದ್ರೂ ಹೇಳ್ತೀನಿ. ಆದ್ರ ವಿಚಾರ ನಂದು, ಉಸಿರು ಆಕಿದು. ಅದನ್ನ ತೀರ್ಮಾನ ಮಾಡಾಕ ನಾನು ಯಾರು? ಸರ್ಕಾರ ಎಲ್ಲಾದ್ರಾಗೂ ಕೈ ಹಾಕತೈತಿ ಅಂತ ಬೈಕೋಂತ ತಿರುಗಿದಾಂವ ನಾನು. ನಮ್ಮನಿಯಾಗ ನಾನೇ ಸರ್ಕಾರ ಆಗಿದ್ದೆ. ಭಾನುವಾರ ಬೆಳಕು ಹರಿಯೂದ್ರಾಗ ಉಸಿರು ಕಟ್ಟಾಕತ್ತಿತು. ಸರ್ಕಾರಿ ದವಾಖಾನಿ ಐದು ನಿಮಿಷದ ದಾರಿ. ಆಗ್ಲೂ ಕಾರು ಬಳ್ಳಾರಿ ಕಡೇನೇ ತಿರುಗಿಸ್ದೆ. ದಾರ್ಯಾಗ ಕುಡಿತಿನಿ ಊರು ದಾಟಿದ್ಮ್ಯಾಲ ಮಾತಾಡಿಸಿದೆ, ಮಾತಾಡಲಿಲ್ಲ.

ಏನಾರ ಅನ್ನವ್ವ. ಬೈ. ಕೊಂದಿ ಅನ್ನು.

ನೀನು ಸುಮ್ನ ಕುಂತೀ ಅಂದ್ರ... ಇನ್ನೂ ಏನೋ ಗೊತ್ತೈತಿ ನಿನಗ. ವಿರುಪಮ್ಮ ಆಟೋದಾಗ ಕುಂತಿದ್ಲು. ಆಕಿ ಎಲ್ಲಾ ಕಂಡಾಳ. ಹೇಳ್ಯಾಳ, ಹೌದಿಲ್ಲೋ? ನನ್ನ ಬಾಯಿಂದ ಕೇಳಬೇಕು ಅಂತ ಕುಂತೀ. ಅದಕ್ಕೇ ಕಾರ್ಡು ಕೊಡಾಕ ಕೈ ಬರಲಿಲ್ಲ ನಿನಗ.

ಆಕಿ ಒಲ್ಲೆ ಅಂದ್ಲು ಅಂತ ಊರಿಗೆಲ್ಲಾ ಹೇಳಿದೆ. ನಿನಗೂ ಹೇಳಿದೆ. ಆಕಿ ಹೆಸರ ಮ್ಯಾಲ ಹೇಳಿದೆ, ಆಕಿ ಇನ್ನ ಬಂದು ಅಲ್ಲ ಅನ್ನಂಗಿಲ್ಲ ಅಂತ ಧೈರ್ಯದಾಗ ಹೇಳಿದೆ. ನಾನು ಫೋನಿನಾಗ ಇದ್ದೆ. ಫೋನು ಇಟ್ಟು ಒಳಗ ಹೋದ್ರ ಮಂಚ ಖಾಲಿ ಇತ್ತು. ಗೋಡಿ ಹಿಡ್ಕೊಂಡು ಹಿಡ್ಕೊಂಡು, ಬಾತ ಕಾಲಾಗ, ತಾನೇ ಹೊರಗ ಹೋಗಿದ್ಲು. ಆಟೋದಾಗ ಹತ್ತಿ ವಿರುಪಮ್ಮನ ಬಾಜೂ ಕುಂತಿದ್ಲು. ನನ್ನ ನೋಡಿ, "ರೀ, ಹೋಗಿ ಬರೋಣ್ರಿ. ನನಗ ಇನ್ನಾ ಬದುಕಬೇಕು ಅನ್ನಿಸ್ತೈತಿ" ಅಂದ್ಲು. ಮಂದಿ ಮುಂದ ನನ್ನ ಮಾತು ಎಂದೂ ತಗದು ಹಾಕಿದಾಕಿ ಅಲ್ಲ.

ನಾನು ಇಳಿ ಅಂದೆ.

ಇಳದ್ಲವ್ವ.