ದೇವರ ಮನೆ ಸೇರಿದ ಶೂ

ಇವತ್ತಿನ ಪ್ರವಚನಕ್ಕೆ ಒಂದು ಕಥೆ. ಒಂದು ಊರು ಎಂದಿಟ್ಟುಕೊಳ್ಳಿ, ಅಲ್ಲೊಬ್ಬ ಶ್ರೀಮಂತ. ಬೆಲ್ಲದ ಮಂಡಿ, ಎರಡಂತಸ್ತಿನ ಮನೆ, ಬಾಗಿಲಲ್ಲಿ ಕಾರು. ಇಲ್ಲದ್ದು ಒಂದೇ, ಉಸಿರು. ಮಹಡಿಯ ಮೆಟ್ಟಿಲನ್ನು ಅರ್ಧ ಹತ್ತಿ, ಕೆಳಗೆ ಯಾರೋ ಕರೆದರು ಎಂದು ನೆಪ ಹೇಳಿ ಇಳಿದುಬಿಡುತ್ತಿದ್ದ.

ಅವನಿಗೊಬ್ಬಳು ಪುಟ್ಟ ಮಗಳು. ಅವಳಿಗೆ ಸೈಕಲ್ ಕಲಿಯುವ ಆಸೆ. ಸೈಕಲ್ ಕಲಿಸುವುದೆಂದರೆ ಏನು ಹೇಳಿ? ಸೀಟು ಹಿಡಿದು ಹಿಂದೆ ಓಡುವುದು. ಅಪ್ಪ ನಾಲ್ಕು ಹೆಜ್ಜೆ ಓಡಿ ಕೈ ಬಿಟ್ಟ. ಮಗಳು ಬಿದ್ದಳು. ಎದ್ದು ಲಂಗ ಕೊಡವಿಕೊಂಡು ಹೇಳಿದಳು, "ಅಪ್ಪ, ನೀನು ಬೇಡ. ನಾಳೆಯಿಂದ ಡ್ರೈವರ್ ಮಾಮ ಹಿಡ್ಕೊಳ್ಳಲಿ."

ಬೆಳಗ್ಗೆ ಎದ್ದು ಓಡಿ ಎಂದು ಡಾಕ್ಟರು ಎಷ್ಟು ಸಲ ಹೇಳಿದ್ದರೋ. ಅದೆಲ್ಲ ತಾಗಿರಲಿಲ್ಲ. ಇದು ತಾಗಿತು.

ಅಂದೇ ಪೇಟೆಗೆ ಹೋಗಿ ದುಬಾರಿ ಶೂ ತಂದ. ನಾಳೆಯಿಂದ ಓಡುತ್ತೇನೆ ಎಂದ. ನಾಳೆ ನೋಡಿದರೆ ಅಮಾವಾಸ್ಯೆ. ಮರುದಿನ ಮಂಗಳವಾರ. ಬುಧವಾರ ಮೋಡ. ಗುರುವಾರ ಎಲ್ಲ ಸರಿಯಿತ್ತು, ಮನಸ್ಸು ಬರಲಿಲ್ಲ. ಹೀಗೆ ಮಾಡುತ್ತ ಆಯುಧಪೂಜೆ ಬಂತು.

ಶ್ರೀಮಂತನ ತಾಯಿ ಮಂಡಿಯ ತಕ್ಕಡಿಗೆ ಕುಂಕುಮ ಇಟ್ಟರು, ಕಾರಿಗೆ ಇಟ್ಟರು, ಮಿಕ್ಸಿಗೂ ಇಟ್ಟರು. ಪೆಟ್ಟಿಗೆಯಲ್ಲಿ ಹೊಸ ಶೂ ಕಂಡಿತು. ಮಗನ ಆರೋಗ್ಯಕ್ಕೆ ಇದೇ ಆಯುಧ ಎಂದು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ದೇವರ ಮನೆಯಲ್ಲಿ ಕೂರಿಸಿದರು.

ಮರುದಿನ ಹೆಂಡತಿ ಎಬ್ಬಿಸಿದಳು. "ಏಳ್ರೀ, ವಿಜಯದಶಮಿ. ಶುರು ಮಾಡೋಕೆ ಇದಕ್ಕಿಂತ ಒಳ್ಳೇ ದಿನ ಬೇಕಾ?"

"ಅಮ್ಮ ಶೂಗೆ ಪೂಜೆ ಮಾಡಿದ್ದಾಳೆ ಕಣೇ. ಅದರೊಳಗೆ ಕಾಲು ತೂರಿಸ್ಲಾ?"

"ಕಾರಿಗೂ ಮಾಡಿದ್ದಾರೆ. ನೀವು ಕೂರಲ್ವಾ?"

"ಕೂರ್ತೀನಿ. ಕಾಲಿಗೆ ಹಾಕ್ಕೊಳ್ಳಲ್ಲ," ಎಂದು ಹೊದಿಕೆ ಎಳೆದುಕೊಂಡ.

ಅಲ್ಲಿಂದಾಚೆ ಶೂಗೆ ದಿನಾ ಹೂವು, ದಿನಾ ಆರತಿ. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ಮೆಲ್ಲಗೆ ಕೇಳಿದರಂತೆ, "ತಾಯೀ, ಇದು ನಿಮ್ಮ ಮನೆದೇವ್ರಾ?"

ಒಂದು ಬೆಳಗ್ಗೆ ಡ್ರೈವರ್ ಬರಲಿಲ್ಲ. ಮಗಳು ತಾನೇ ಸೈಕಲ್ ಹೊರಗೆ ತಂದಳು. "ಅಪ್ಪ, ಹಿಡ್ಕೋತೀಯಾ?" ಅಪ್ಪ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ. "ಇರು ಪುಟ್ಟಿ, ನೋಡೋಣ," ಎಂದ. ಅವಳು ಹತ್ತಿಬಿಟ್ಟಳು. ಬೀದಿ ಇಳಿಜಾರು. ಸೈಕಲ್ ಹೊರಟಿತು.

ಆಗ ಆ ಮನುಷ್ಯ ತಿಥಿ ನೋಡಿದನೇ? ಮೋಡ ನೋಡಿದನೇ? ಮನಸ್ಸೇ, ಬರುತ್ತೀಯಾ ಎಂದು ಕೇಳಿದನೇ? ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಪಂಚೆ ಎತ್ತಿಕಟ್ಟಿ, ಬರಿಗಾಲಲ್ಲಿ ಓಡಿದ. ನಾಯಿಗಳೂ ಜೊತೆಗೆ ಓಡಿದವು. ಹಾಲಿನ ಬೂತಿನ ಹತ್ತಿರ ಸೀಟು ಕೈಗೆ ಸಿಕ್ಕಿತು. ನಾಲಿಗೆ ಹೊರಗೆ ಬಂದಿತ್ತು, ಆದರೆ ಕೈ ಬಿಡಲಿಲ್ಲ. ಮಗಳು ತಿರುಗಿ ನೋಡಿ, "ಅಪ್ಪ, ನೀನು ಹಿಡ್ಕೊಂಡಿದ್ದೀಯ," ಎಂದಳು. ಆಮೇಲೆ, "ನಾಳೆನೂ ನೀನೇ ಬಾ."

ಮನೆಗೆ ಬಂದಾಗ ತಾಯಿ ಮಗನ ತರಚಿದ ಅಂಗಾಲು ನೋಡಿದರು. ದೇವರ ಮನೆಗೆ ಹೋಗಿ ಶೂ ತಂದು, ಸೆರಗಿನಿಂದ ಕುಂಕುಮ ಒರೆಸಿ ಅವನ ಮುಂದಿಟ್ಟರು. "ನಾಳೆ ಹಾಕ್ಕೊಂಡು ಹೋಗೋ. ಬೇಜಾರಾದ್ರೆ ಮೆಲ್ಲಗೆ ಓಡು, ಆದ್ರೆ ಹೋಗು. ಮಗು ಕಾಯ್ತಿರುತ್ತೆ."

ಹಿಂದೆ ಕೂತ ತಾಯಂದಿರು ನಗುತ್ತಿದ್ದೀರಿ. ಪಕ್ಕದ ಯಜಮಾನರು ಯಾಕೋ ನಗುತ್ತಿಲ್ಲ. ಇರಲಿ, ತಾಯಂದಿರನ್ನೇ ಕೇಳುತ್ತೇನೆ. ನಿಮ್ಮ ದೇವರ ಮನೆಯಲ್ಲಿ ಏನೇನಿದೆ? ಹೂವೇರಿಸಿ ಇಟ್ಟು, ಒಂದು ದಿನವೂ ಬಿಚ್ಚಿ ಓದದ ಗೀತೆ ಇಲ್ಲವೇ? ಒಳ್ಳೆಯದನ್ನು ಕಂಡರೆ ಕೈ ಮುಗಿಯುತ್ತೇವೆ. ಮುಗಿದ ಮೇಲೆ ಅದರ ಕೆಲಸವೂ ಮುಗಿಯಿತು ಎಂದುಕೊಳ್ಳುತ್ತೇವೆ.

ನಾಳೆ ಬೆಳಗ್ಗೆ ಹಾಸಿಗೆಯಲ್ಲಿ ಕೂತು ಮನಸ್ಸನ್ನು ಕೇಳಬೇಡಿ. ಬೆಚ್ಚಗೆ ಮಲಗಿದ ಮನಸ್ಸು ಎಂದಾದರೂ ಹೂಂ ಅಂದೀತೇ? ಕಾಲನ್ನು ಮೊದಲು ಕಳಿಸಿ. ಬೀದಿಯ ತಿರುವಿನಲ್ಲಿ ಮನಸ್ಸು ಬಂದು ಸೇರಿಕೊಳ್ಳುತ್ತದೆ. ಇಂದೇ ಮನೆಯಲ್ಲೋ ನೆರೆಯಲ್ಲೋ ಒಬ್ಬರಿಗೆ ಬರುತ್ತೇನೆ ಎಂದು ಹೇಳಿಡಿ. ಒಬ್ಬರು ಕಾಯುತ್ತಿದ್ದಾರೆ ಎಂದರೆ ಎಚ್ಚರ ತಾನಾಗಿ ಆಗುತ್ತದೆ.

ಬೆಳಗಾಗುವ ತನಕವೂ ಯಾಕೆ? ಪ್ರಸಾದವನ್ನು ಇವತ್ತು ಕೂತಲ್ಲಿಗೆ ತರುವುದಿಲ್ಲ, ಆ ಕೊನೆಯ ಬಾಗಿಲಲ್ಲಿ ಇಡಿಸಿದ್ದೇನೆ. ಏಳಿ, ನಾನೂ ಬರುತ್ತೇನೆ.