ಕವುಚಿ ಮಲಗಿಸಿದ ರಾತ್ರಿ

ದೀಪ ಹಾಗೇ ಇರಲಿ, ಆರಿಸಬೇಡ... ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿ. ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು. ಐಸಿಯುನಲ್ಲಿ ನರ್ಸು ಅವಳು. ಯಾವುದಕ್ಕೂ ಜಗ್ಗದ ಗಟ್ಟಿಗಿತ್ತಿ.

ಅವತ್ತು ಡ್ಯೂಟಿ ಮುಗಿಸಿ ಆಸ್ಪತ್ರೆ ಗೇಟಿನ ಆಲದ ಮರದ ಹತ್ತಿರ ಬಂದಿದ್ದಾಳೆ. ಮೇಲಿಂದ ಸದ್ದು... ಹ್ಞ್... ಹ್ಞ್... ಒಂದೊಂದು ಉಸಿರು ಬಿಡುವಾಗಲೂ ಒಂದು ಮುಲುಕು. ಹಕ್ಕಿಯಲ್ಲ, ಬೆಕ್ಕಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಹಾಗೆ ಮುಲುಕ್ತವೆ. ಎಳೇ ಶ್ವಾಸಕೋಶ ಹೊಸ ಬಲೂನಿನ ಹಾಗೆ ಒಳಗೇ ಅಂಟಿಕೊಳ್ಳುತ್ತೆ, ಅದನ್ನ ಬಿಡಿಸಿಟ್ಟುಕೊಳ್ಳೋಕೆ ಒದ್ದಾಟ. ತಲೆಯೆತ್ತಿ ಕೊಂಬೆಗಳಲ್ಲಿ ಹುಡುಕಿದಳು, ಏನೂ ಇಲ್ಲ. ಅಷ್ಟರಲ್ಲಿ ಫೋನು. ವಾಪಸ್ ಬಾ, ಟೈಲರ್ ಹೆಂಡತೀನ ಕವುಚಿ ಮಲಗಿಸಬೇಕು, ಜನ ಸಾಲದು ಅಂತ.

ಆ ಟೈಲರ್ ನಮ್ಮ ಬೀದಿಯವನೇ. ಹೆಂಡತಿಗೆ ದಿನ ತುಂಬೋ ಮುಂಚೆಯೇ ಹೆರಿಗೆ. ಕೂಸು ಬೇರೆ ಕಟ್ಟಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಬಾಣಂತಿಗೆ ನಂಜೇರಿ ಎರಡೂ ಶ್ವಾಸಕೋಶದಲ್ಲಿ ನೀರು. ಯಂತ್ರ ಎಷ್ಟು ಗಾಳಿ ನೂಕಿದರೂ ರಕ್ತಕ್ಕೆ ಸೇರ್ತಿಲ್ಲ. ಕವುಚಿ ಮಲಗಿಸಿದರೆ ಬೆನ್ನಿನ ಕಡೆಯ ಭಾಗವಾದರೂ ಬಿಚ್ಚಿಕೊಂಡೀತು... ಉಳಿದಿದ್ದು ಅದೊಂದೇ ಆಸೆ.

ಗಂಡ ಬಾಗಿಲಲ್ಲೇ ನಿಂತಿದ್ದ. "ಅಕ್ಕಾ... ಇಬ್ಬರಲ್ಲಿ ಒಬ್ಬರಾದರೂ ಉಳೀತಾರಾ?"

ಇವಳು ಅವನನ್ನ ಬೆಂಚಿನ ಮೇಲೆ ಕೂರಿಸಿದಳು. ಒಳಗೆ ಹೋದಳು.

ಒಬ್ಬರು ಬಾಯೊಳಗಿನ ಉಸಿರಾಟದ ನಳಿಗೆ ಹಿಡಿದರು, ಉಳಿದವರು ಮೈ ಹಿಡಿದು ತಿರುಗಿಸಿದರು. ವೆಂಟಿಲೇಟರ್ ಸುಸ್ಸ್... ಟಕ್. ಸುಸ್ಸ್... ಟಕ್. ನಡುವೆ... ಹ್ಞ್... ಹ್ಞ್... ಅದೇ ಮುಲುಕು! ಬಾಣಂತಿಯ ಬೆನ್ನ ಹತ್ತಿರ. ಡಾಕ್ಟರೂ ತಲೆಯೆತ್ತಿದರು. ಒಂದಷ್ಟು ಹೊತ್ತು ಕೇಳಿಸಿತು... ಆಮೇಲೆ ನಿಂತಿತು.

ಮಾನಿಟರಿನಲ್ಲಿ ಆಕ್ಸಿಜನ್ ಏರತೊಡಗಿತು. ಆಗಲೇ ಮಕ್ಕಳ ವಾರ್ಡಿನಿಂದ ಸುದ್ದಿ. ಕೂಸು ಹೋಯ್ತು.

ಬಾಣಂತಿಗೆ ಯಾರೂ ಹೇಳಲಿಲ್ಲ. ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ನಳಿಗೆ ತೆಗೆದ ದಿನ ಅವಳೇ ಪಿಸುಗುಟ್ಟಿದಳು, "ಮಗೂನ ಯಾಕೆ ಎತ್ಕೊಂಡ್ರಿ... ಬೆನ್ನ ಮೇಲೆ ಚೆನ್ನಾಗಿ ಮಲಗಿತ್ತಲ್ಲ..."

ನಮ್ಮವಳು ಹೊರಗೆ ಓಡಿಬಂದು ಅತ್ತಳು. ಕೂಸು ಆ ಪೆಟ್ಟಿಗೆಯಿಂದ ಹೊರಗೆ ಬಂದೇ ಇರಲಿಲ್ಲ.

ಜ್ವರದ ಭ್ರಮೆ ಅಂತೀರಾ? ಅನ್ನಿ, ಅನ್ನಿ. ಕವುಚಿದ್ದವಳನ್ನ ಆ ರಾತ್ರಿಯ ಮಾರನೇ ದಿನ ಅಂಗಾತ ಮಾಡುವಾಗ ಬೆನ್ನಿನ ಸ್ಟಿಕ್ಕರುಗಳನ್ನ ಬಿಡಿಸಿದ್ದು ನಮ್ಮವಳೇ. ಎದೆಬಡಿತ ನೋಡೋಕೆ ಅಂಟಿಸ್ತಾರಲ್ಲ, ಅವು; ಕವುಚಿದಾಗ ಎದೆ ಬದಲು ಬೆನ್ನಿಗೆ. ಎಲ್ಲಾ ದೊಡ್ಡವರದ್ದು. ನಡುಬೆನ್ನಲ್ಲಿ ಒಂದು ಮಾತ್ರ ಉಗುರಿನಷ್ಟು ಚಿಕ್ಕದು... ಹಸುಗೂಸುಗಳಿಗೆ ಹಾಕೋದು. ದೊಡ್ಡವರ ಐಸಿಯುನಲ್ಲಿ ಅಂಥದ್ದು ಇಡೋದೇ ಇಲ್ಲ. ನನ್ನಾಣೆಗೂ ನಿಜ, ಅವಳೇ ಕೈಯಾರೆ ಬಿಡಿಸಿ ತೆಗೆದಿದ್ದು.