ಬಾರಿಗಿಡದ ಪಟ್ಟಿ

ಆಡು! ನಿನ್ನ ಬಾರಿಗಿಡದ ತೊಗಟಿ ಆಡ ಕಡದಿರಬೇಕು ರಹಮಾನಸಾಬ... ಯಾಕ ನಗ್ತಿ? ಹಾಂ, ಆಡು ತಾನ ಕಡದು ತಾನ ಅರಿವಿ ಪಟ್ಟಿ ಕಟ್ಟಿ ಹೋಗೂದಿಲ್ಲ, ಖರೆ. ಯಾರೋ ಪುಣ್ಯಾತ್ಮ ಮುಂಜಾನೆ ನೋಡ್ಯಾನ, ಸಗಣಿ ಕೆಮ್ಮಣ್ಣು ಮೆತ್ಯಾನ, ಮ್ಯಾಲ ಪಟ್ಟಿ ಸುತ್ಯಾನ. ಗದಗಿನಾಗ ಒಳ್ಳೇವ್ರಿಗೇನ್ ಬರ ಬಂದೈತೇನು?

ನನಗೇನು ಗೊತ್ತು! ನಾ ನನ್ನ ಸೇವಂತಿಗಿ ಮಡ್ಯಾಗ ಇದ್ದೆ. ಇಪ್ಪತ್ತೆರಡು ವರ್ಷ ಆತೋ, ಈ ಸರಕಾರಿ ತ್ವಾಟಕ್ಕ ನೀರ ಹೊತ್ತು. ಬ್ರಿಟಿಷರ ಕಾಲಕ್ಕ ದೊಡ್ಡ ದೊಡ್ಡ ಮಂದಿ ನನ್ನ ಹೂವಿನ ಮುಂದ ನಿಂತು 'ಶಾಬಾಸ್ ಹುಚ್ಚೀರಪ್ಪ' ಅಂತಿದ್ರು. ಆಮ್ಯಾಲ ನೀ ಬಂದಿ. ಲಕ್ಷ್ಮೇಶ್ವರದ ಕಡೆ ಸಂಸ್ಥಾನ ಹೋತು, ಸಂಸ್ಥಾನದ ಮಾಲಿ ಅಂತ ನಿನ್ನ ತಂದು ಇಲ್ಲಿ ಹಾಕಿದ್ರು. ಒಂದು ಬಗಲಾಗ ಹಾಸಿಗಿ ಸುರಳಿ, ಒಂದು ಬಗಲಾಗ ಈ ಸಸಿ. ಬಾರಿ! ಹೊಲದ ಬದುವಿನಾಗಿನ ಮುಳ್ಳಬೋರೆ, ಯಾರೂ ಕೇಳದ ಗಿಡ! ನಾ ನಕ್ಕೆ. ನಗಕೋತ ನಾನ ಕುಣಿ ತೋಡಿಕೊಟ್ಟೆ... ನೆನಸ್ಕೊಂಡ್ರ ಹೊಟ್ಟಿ ಉರೀತೈತಿ ನೋಡು!

ಈಗ? ಸೀಗಿ ಹುಣ್ಣಿವಿ ಆತಂದ್ರ ಹಣ್ಣು ಬಣ್ಣಕ್ಕ ತಿರಗತಾವ. ಗಿಣಿ ಬಂತು, ಪಿಕಳಾರ ಬಂತು, ಕಬ್ಬಕ್ಕಿ ಹಿಂಡಿಗೆ ಹಿಂಡ ಬಂದು ಕುಂಡ್ರತಾವ. ಅವನ್ನ ನೋಡಾಕ ಬೆಟಗೇರಿಯಿಂದ ಮಂದಿ ನಡಕೋತ ಬರ್ತಾರ. ನನ್ನ ಸೇವಂತಿಗಿ ದಾಟಿಕೊಂಡ ಬರ್ತಾರ! ಒಬ್ಬರೂ ನಿಂದ್ರೂದಿಲ್ಲ. ನಮ್ಮ ನೀಲಗಂಗವ್ವ, ನನ್ನ ಕೈ ಹಿಡದಾಕಿ, ಆಕಿನೂ ಉಡಿ ತುಂಬ ಹಣ್ಣ ತಂದು 'ಎಷ್ಟ ಸೀ ಅದಾವ್ರಿ, ತಿನ್ರಿ' ಅಂದ್ಲು. ತಿಂದೆ. ಸೀ ಇದ್ದುವು... ಅದನ್ನ ತಡಕೊಳ್ಳಾಕ ಆಗಲಿಲ್ಲ ನನಗ.

ನಿನ್ನೆ ತ್ವಾಟದ ಸಾಹೇಬ್ರು ಅಂದದ್ದು ನೀನೂ ಕೇಳಿದೆಲ್ಲ? ಕನ್ನಡ ನಾಡು ಒಂದಾಗೈತಿ, ಆಯ್ತವಾರ ದೊಡ್ಡ ಸಭಾ ಐತಿ, ಮಂಟಪ ಬಾರಿಗಿಡದ ಬಾಜೂಕ ಹಾಕ್ರಿ ಅಂದ್ರು. ನನ್ನ ಸೇವಂತಿಗಿ? 'ಅವನ್ನ ಹರದು ಹಾರಾ ಮಾಡ್ರಿ.' ಹರದು! ಇಪ್ಪತ್ತೆರಡು ವರ್ಷದ ಮ್ಯಾಲ... ಹರದು!

ಆತು, ಬಿಡು. ನೀ ಹಿಂಗ ಹಣಿ ಹಿಡಕೊಂಡು ಕುಂಡ್ರಬ್ಯಾಡ. ಗಿಡ ಸಾಯೂದಿಲ್ಲ. ಸುತ್ತ ಪೂರಾ ಎಲ್ಲಿ ಕೆತ್ತೈತಿ? ಅರ್ಧಕ್ಕ ನಿಂತೈತಿ. ಆ ಕಡೆ ನಾಕ ಬೆರಳಷ್ಟು ತೊಗಟಿ ಹಂಗ ಐತಿ, ಅದರಾಗ ಜೀವಾ ಹಿಡಕೊಂಡು...

ಯಾಕ? ಪಟ್ಟಿ ಕಡೆ ಯಾಕ ಬೆರಳ ಮಾಡ್ತಿ?

ಪಟ್ಟಿ ಇನ್ನೂ ಬಿಚ್ಚಿಲ್ಲ... ಹೌದು, ಬಿಚ್ಚಿಲ್ಲ. ಸುಮ್ಮ ಅಂದಾಜಿಲೆ ಹೇಳಿದೆ. ಇಷ್ಟು ವರ್ಷದ ಮಾಲಿಗೆ ಅಷ್ಟೂ ಅಂದಾಜ ಇರೂದಿಲ್ಲೇನು? ಮತ್ತ ನನ್ನ ತಲಿ ಮ್ಯಾಲಿನ ಪಟಗಾ ಯಾಕ ನೋಡ್ತಿ? ಜಾಲಿಮುಳ್ಳಿಗೆ ಸಿಕ್ಕು ಹರದೈತಿ. ಆ ಪಟ್ಟಿದು, ಇದರದು ಅರಿವಿ ಬಣ್ಣ ಒಂದ ಇದ್ರ ಏನಾತು? ಪ್ಯಾಟ್ಯಾಗ ಅಂಥಾ ಪಟಗಾ ನೂರ ಸಿಗತಾವ... ಬೈ ನನ್ನ! ಹಿಂಗ ಮಾತ್ರ ನೋಡಬ್ಯಾಡ...

ಏ! ಕೈ ತಗಿ, ಗಂಟ ಬಿಚ್ಚಬ್ಯಾಡ! ಎಂಟ ದಿನ ಹಂಗ ಇರಲಿ, ಹಸಿ ಗಾಯಕ್ಕ ಬಿಸಲ ತಾಗಬಾರದು. ಬಿಗಿ ಆಗೈತೋ ಇಲ್ಲೋ ಅಂತ ಎರಡ ಸಲ ಎಳದು ನೋಡೇನಿ.